ಚಕ್ರದ 50 ಸುತ್ತಿಗೆ 18 ಟಕ್

ನನ್ನ ಬೈಕ್‌ನಲ್ಲಿ ಒಂದು ಶಬ್ದ. ಕೇಳಿಸುತ್ತಿದ್ದದ್ದು ನಿಧಾನವಾಗಿ ಓಡಿಸುವಾಗ ಮಾತ್ರ. ಎರಡನೇ ಗೇರ್, ವೇಗ 20ರ ಆಸುಪಾಸು. ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿದರೆ ಎಡಗಾಲಿನ ಹತ್ತಿರ 'ಟಕ್'. ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ 'ಟಕ್'. ಸಣ್ಣ ಸುತ್ತಿಗೆಯಿಂದ ಕಬ್ಬಿಣವನ್ನು ಮೆಲ್ಲಗೆ ಕುಟ್ಟಿದ ಹಾಗೆ. 40 ದಾಟಿದರೆ ಗಾಳಿಯ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಅದಕ್ಕೇ ಎಷ್ಟು ದಿನದಿಂದ ಇತ್ತೋ, ನನ್ನ ಕಿವಿಗೆ ಬಿದ್ದಿದ್ದು ಒಂದು ವಾರದ ಹಿಂದೆ.

ಗಾಡಿ 150 ಸಿಸಿ, ಒಂದೇ ಸಿಲಿಂಡರ್. ಚೈನ್ ಕೂರುವ ಹಲ್ಲಿನ ಚಕ್ರಗಳು, ಅಂದರೆ ಸ್ಪ್ರಾಕೆಟ್, ಎರಡು: ಮುಂದಿನದಕ್ಕೆ 14 ಹಲ್ಲು, ಹಿಂದಿನದಕ್ಕೆ 42. ಚೈನ್ 428 ಸೈಜು, 118 ಲಿಂಕ್. ಹಿಂದಿನ ಟೈರ್ 100/90-18. ಈ ಅಂಕಿಗಳನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಕೈಹಿಡಿದದ್ದು ಇವೇ.

ಮೊದಲ ದಿನ ಮಾಡಿದ್ದು ಎಲ್ಲರೂ ಮಾಡುವ ಪರೀಕ್ಷೆ. ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದೆ. ಶಬ್ದ ಇಲ್ಲ. ಓಡುತ್ತಿರುವಾಗ ಕ್ಲಚ್ ಹಿಡಿದೆ. ಶಬ್ದ ಹೆಚ್ಚುಕಡಿಮೆ ನಿಂತೇ ಹೋಯಿತು. ಕ್ಲಚ್ ಬಿಟ್ಟು ಎಳೆತ ಕೊಟ್ಟರೆ ಮತ್ತೆ ಹಾಜರ್. ಕ್ಲಚ್ ಹಿಡಿದರೆ ನಿಲ್ಲುತ್ತದೆ ಅಂದಮೇಲೆ ಎಂಜಿನ್ ಕಡೆಯದ್ದೇ ಅಂತ ತೀರ್ಮಾನ ಮಾಡಿಬಿಟ್ಟೆ. ಕೇಳಿದವರೆಲ್ಲ 'ಟ್ಯಾಪೆಟ್ ಇರಬೇಕು, ನೋಡು' ಅಂದರು. ಎಂಜಿನ್‌ನ ವಾಲ್ವ್‌ಗಳನ್ನು ಒತ್ತಿ ತೆರೆಯುವ ಜಾಗ ಅದು. ಒಬ್ಬರು ಮಾತ್ರ ಕ್ಲಚ್ ಪ್ಲೇಟ್‌ಗಳು ಕೂರುವ ಕ್ಲಚ್ ಬಾಸ್ಕೆಟ್ ಅಂದರು.

ಸರಿ, ಟ್ಯಾಪೆಟ್ ನೋಡೋಣ ಅಂತ ಕೂತೆ. ರಾತ್ರಿಯೆಲ್ಲ ನಿಂತು ಎಂಜಿನ್ ಪೂರ್ತಿ ತಣ್ಣಗಾಗಿತ್ತು. ಎರಡೂ ಟ್ಯಾಪೆಟ್ ಮುಚ್ಚಳ ಬಿಚ್ಚಿ, ಸ್ಪಾರ್ಕ್ ಪ್ಲಗ್ ತೆಗೆದು, ಎಂಜಿನ್ ಕೈಯಲ್ಲಿ ತಿರುಗಿಸಿ, ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ ಮೇಲಿನ 'ಟಿ' ಗೆರೆಯನ್ನು (ಪಿಸ್ಟನ್ ಪೂರ್ತಿ ಮೇಲಿದೆ ಅನ್ನುವ ಗುರುತು) ಕಿಟಕಿಯ ಗುರುತಿಗೆ ಹೊಂದಿಸಿದೆ. ಇಲ್ಲಿ ಒಂದು ಎಚ್ಚರ ಬೇಕು. ಪಿಸ್ಟನ್ ಮೇಲಕ್ಕೆ ಬರುವುದು ಎರಡು ಸಲ. ಒಮ್ಮೆ ಒಳಗಿನ ಗಾಳಿ-ಪೆಟ್ರೋಲನ್ನು ಒತ್ತುವ ಕಂಪ್ರೆಷನ್‌ನಲ್ಲಿ, ಇನ್ನೊಮ್ಮೆ ಹೊಗೆ ತಳ್ಳುವಾಗ. ಅಳತೆ ತಗೋಬೇಕಾದದ್ದು ಕಂಪ್ರೆಷನ್‌ನಲ್ಲಿ. ಆಗ ವಾಲ್ವ್ ಒತ್ತುವ ಎರಡೂ ರಾಕರ್ ಕೈಗೆ ಸ್ವಲ್ಪ ಅಲ್ಲಾಡುತ್ತವೆ. ಒಂದು ಅಲ್ಲಾಡಿ ಇನ್ನೊಂದು ಬಿಗಿಯಾಗಿದ್ದರೆ ಇನ್ನೂ ಒಂದು ಸುತ್ತು ತಿರುಗಿಸಬೇಕು. ಸಂದು ಅಳೆಯುವ ತೆಳು ಲೋಹದ ಎಲೆಗಳ ಫೀಲರ್ ಗೇಜ್ ಹಾಕಿದೆ. ಇನ್‌ಟೇಕ್ ವಾಲ್ವ್ 0.08, ಎಕ್ಸಾಸ್ಟ್ ವಾಲ್ವ್ 0.12 ಮಿಲಿಮೀಟರ್. ಗಾಡಿಯ ಮ್ಯಾನ್ಯುಯಲ್‌ನಲ್ಲಿರುವಷ್ಟೇ ಇತ್ತು. ಎಲೆ ತೂರುವಾಗ ಬೆಣ್ಣೆಯಲ್ಲಿ ಚಾಕು ಎಳೆದಷ್ಟು ಹಿಡಿತ. ಮುಟ್ಟದೆ ಹಾಗೇ ಮುಚ್ಚಿದೆ.

ಆಮೇಲೆ ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಎಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಇಟ್ಟು ಕೇಳಿದೆ. ಹೆಡ್, ಕ್ಯಾಮ್ ಚೈನ್ ಟೆನ್ಷನರ್, ಕ್ಲಚ್ ಕವರ್, ಮ್ಯಾಗ್ನೆಟ್ ಕವರ್, ಎಲ್ಲ ಕಡೆ. ಒಂದೇ ಸಮನೆ ಚಿಟಚಿಟ, ಅಷ್ಟೆ. ಇಂಥ ಎಂಜಿನ್ ಮಾಡಬೇಕಾದ ಶಬ್ದವೇ ಅದು. ಆಯಿಲ್ ಡ್ರೇನ್ ಬೋಲ್ಟ್ ಬಿಚ್ಚಿ, ಅಯಸ್ಕಾಂತ ಆಡಿಸಿ ನೋಡಿದೆ. ಚೂರುಗಳೇನೂ ಸಿಗಲಿಲ್ಲ. ಒಂದು ಇಡೀ ದಿನ ಎಂಜಿನ್ ಮೇಲೆ ಹೋಯಿತು.

ಸಂಜೆ ತಮ್ಮನನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೋದೆ. ಇಬ್ಬರ ಭಾರಕ್ಕೆ ಶಬ್ದ ಇನ್ನೂ ಚೆನ್ನಾಗಿ ಕೇಳಿಸುತ್ತಿತ್ತು. 'ನನ್ನ ಎಡಗಾಲ ಹತ್ರ ಬರ್ತಿದೆ, ಕೇಳಿಸ್ತಾ?' ಅಂದೆ. ಅವನು ಸ್ವಲ್ಪ ಹೊತ್ತು ಕಿವಿಗೊಟ್ಟು, 'ಇಲ್ಲ ಅಣ್ಣ, ಮುಂದೆ ಅಲ್ಲ. ನನ್ನ ಕಾಲ ಕೆಳಗೆ ಬರ್ತಿರೋದು, ಹಿಂದೆ' ಅಂದ. ಇಳಿದು ವಾದ ಮಾಡಿದೆವು. ನಾನು ಮುಂದೆ ಅಂತೀನಿ, ಅವನು ಹಿಂದೆ ಅಂತಾನೆ. ಇಬ್ಬರ ಕಿವಿಯೂ ಚೆನ್ನಾಗೇ ಇದೆ. ಫ್ರೇಮಿನ ಕಬ್ಬಿಣ ಶಬ್ದವನ್ನು ಎಲ್ಲೆಲ್ಲಿಗೋ ಹೊತ್ತುಕೊಂಡು ಹೋಗುತ್ತದೆ, ಅದಕ್ಕೇ ಹೀಗೆ ಅಂತ ಆಗ ಅಂದುಕೊಂಡೆ. ಅವನ ಮಾತನ್ನು ಅಷ್ಟಕ್ಕೇ ಬಿಟ್ಟಿದ್ದು ತಪ್ಪು.

ರಾತ್ರಿ ಮಲಗಿದಾಗ ಹೊಳೆದದ್ದು ಇದು. ಶಬ್ದ ಎಲ್ಲಿಂದ ಬರುತ್ತದೆ ಅಂತ ಕಿವಿಯಲ್ಲಿ ಹುಡುಕುತ್ತಿದ್ದೇನೆ. ಎಷ್ಟು ಸಲ ಬರುತ್ತದೆ ಅಂತ ಎಣಿಸಿಯೇ ಇಲ್ಲ. ಗಾಡಿಯಲ್ಲಿ ತಿರುಗುವ ಒಂದೊಂದು ಭಾಗಕ್ಕೂ ಅದರದೇ ಲೆಕ್ಕ ಇದೆಯಲ್ಲ! 20ರ ವೇಗದಲ್ಲಿ ಎರಡನೇ ಗೇರ್‌ನಲ್ಲಿ ಎಂಜಿನ್ ನಿಮಿಷಕ್ಕೆ 3000 ಸುತ್ತು ಹಾಕುತ್ತಿದೆ ಅಂತ ಇಟ್ಟುಕೊಳ್ಳಿ. ಟ್ಯಾಪೆಟ್‌ಗಳನ್ನು ಆಡಿಸುವ ಕ್ಯಾಮ್ ಅದರ ಅರ್ಧ ವೇಗದಲ್ಲಿ ತಿರುಗುತ್ತದೆ, ಅಂದರೆ ಸೆಕೆಂಡಿಗೆ 25 ಸುತ್ತು. ಟ್ಯಾಪೆಟ್ ಶಬ್ದ ಮಾಡಿದರೆ ಸೆಕೆಂಡಿಗೆ 25 ಸಲ ಬಡಿಯಬೇಕು. ಅದನ್ನು ಒಂದು, ಎರಡು ಅಂತ ಎಣಿಸೋಕೆ ಆಗಲ್ಲ. ನನ್ನ ಟಕ್ ಸೆಕೆಂಡಿಗೆ ಒಂದು. ಕ್ರ್ಯಾಂಕ್, ಪಿಸ್ಟನ್, ಟ್ಯಾಪೆಟ್ ಯಾವುದೂ ಇಷ್ಟು ನಿಧಾನವಾಗಿ ಬಡಿಯಲು ಸಾಧ್ಯವೇ ಇಲ್ಲ. ಈ ಲೆಕ್ಕ ಮೊದಲೇ ಹಾಕಿದ್ದರೆ ಟ್ಯಾಪೆಟ್ ಮುಚ್ಚಳ ಬಿಚ್ಚುವ ಅಗತ್ಯವೇ ಇರಲಿಲ್ಲ.

ಬೆಳಿಗ್ಗೆ ಇದನ್ನೇ ಇನ್ನೊಂದು ರೀತಿಯಲ್ಲಿ ಪಕ್ಕಾ ಮಾಡಿಕೊಂಡೆ. ಖಾಲಿ ರಸ್ತೆ. 20ರ ವೇಗ ಎರಡನೇ ಗೇರ್‌ನಲ್ಲಿ, ಆಮೇಲೆ ಅದೇ ವೇಗ ಮೂರನೇ ಗೇರ್‌ನಲ್ಲಿ. ಗೇರ್ ಬದಲಾದರೆ ಎಂಜಿನ್ ಸುತ್ತು ಕಡಿಮೆಯಾಗುತ್ತದೆ. ಚಕ್ರದ ಸುತ್ತು ಅಷ್ಟೇ ಇರುತ್ತದೆ. ಟಕ್‌ನ ಲಯ ಒಂದಿಷ್ಟೂ ಬದಲಾಗಲಿಲ್ಲ. ಹಾಗಾದರೆ ಎಂಜಿನ್, ಕ್ಲಚ್, ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಎಲ್ಲವೂ ಪಟ್ಟಿಯಿಂದ ಹೊರಗೆ. ಉಳಿದದ್ದು ಚಕ್ರದ ಜೊತೆ ತಿರುಗುವ ಭಾಗಗಳು ಮಾತ್ರ.

ಆದರೆ ಸೆಕೆಂಡಿನ ಲೆಕ್ಕದ ಮೇಲೆ ನನಗೆ ಪೂರ್ತಿ ನಂಬಿಕೆ ಇರಲಿಲ್ಲ. ಸ್ಪೀಡೋಮೀಟರ್ ಮುಳ್ಳು ಸಾಮಾನ್ಯವಾಗಿ ನಿಜವಾದ ವೇಗಕ್ಕಿಂತ ಜಾಸ್ತಿಯೇ ತೋರಿಸುತ್ತದೆ. ಅದಕ್ಕೆ ವೇಗವನ್ನೇ ಬಿಟ್ಟು ದೂರದಲ್ಲಿ ಎಣಿಸೋಣ ಅಂದುಕೊಂಡೆ. ಹಿಂದಿನ ಟೈರಿನ ಪಕ್ಕಕ್ಕೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದೆ. ಆ ಗೆರೆ ಕೆಳಗೆ ಬಂದ ಜಾಗದಲ್ಲಿ ರಸ್ತೆ ಮೇಲೂ ಒಂದು ಗೆರೆ. ಆಮೇಲೆ ಗಾಡಿ ತಳ್ಳಿಕೊಂಡು ಹೊರಟೆ. ತಮ್ಮ ಪಕ್ಕದಲ್ಲಿ ನಡೆಯುತ್ತಾ ಗೆರೆ ಕೆಳಗೆ ಬಂದಾಗಲೆಲ್ಲ ಎಣಿಸಿದ. 50 ಆದಾಗ ನಿಲ್ಲಿಸಿ ರಸ್ತೆಗೆ ಇನ್ನೊಂದು ಗೆರೆ ಹಾಕಿದೆವು. ಈ ಟೈರಿನ ಒಂದು ಸುತ್ತು ಹೆಚ್ಚುಕಡಿಮೆ 2 ಮೀಟರ್. ಹಾಗಾಗಿ ಎರಡು ಗೆರೆಗಳ ನಡುವೆ ಸುಮಾರು 100 ಮೀಟರ್. ಮೀಟರ್ ಎಷ್ಟಾದರೂ ಆಗಲಿ, ನನಗೆ ಬೇಕಾದದ್ದು ಸುತ್ತು. ಚಕ್ರ 50 ಸುತ್ತು ಹಾಕುವ ದಾರಿ ಈಗ ಸಿದ್ಧ.

ಕಾಗದದ ಮೇಲೆ ಬರೆದುಕೊಂಡೆ. ತಪ್ಪು ಚಕ್ರದಲ್ಲೋ, ಅದರ ನಡುವಿನ ಹಬ್‌ನಲ್ಲೋ, ಹಿಂದಿನ ಸ್ಪ್ರಾಕೆಟ್‌ನಲ್ಲೋ, ಬ್ರೇಕ್ ಡ್ರಮ್‌ನಲ್ಲೋ ಒಂದು ಜಾಗದಲ್ಲಿದ್ದರೆ ಸುತ್ತಿಗೊಂದು, ಅಂದರೆ 50 ಟಕ್ ಬರಬೇಕು. ಮುಂದಿನ ಸ್ಪ್ರಾಕೆಟ್‌ನ ಒಂದು ಹಲ್ಲಿನದ್ದೋ ಅದು ಕೂತಿರುವ ಗೇರ್‌ಬಾಕ್ಸ್ ಔಟ್‌ಪುಟ್ ಶಾಫ್ಟ್‌ನದ್ದೋ ಆದರೆ, ಅದು ಚಕ್ರಕ್ಕಿಂತ ಮೂರು ಪಟ್ಟು ತಿರುಗುವುದರಿಂದ 150. ಇನ್ನು ಚೈನ್. ಚಕ್ರ ಒಂದು ಸುತ್ತು ಹಾಕಿದರೆ 42 ಲಿಂಕ್ ಹಾದುಹೋಗುತ್ತವೆ. 50 ಸುತ್ತಿಗೆ 2100 ಲಿಂಕ್. ಚೈನ್‌ನಲ್ಲಿ ಇರುವುದು 118. ಭಾಗಿಸಿದರೆ 17.8.

50, 150 ಅಥವಾ 18ರ ಹತ್ತಿರ. ಒಂದಕ್ಕೊಂದು ಎಷ್ಟು ದೂರ ಇವೆ ನೋಡಿ. ಎಣಿಕೆಯಲ್ಲಿ ಒಂದೆರಡು ತಪ್ಪಿದರೂ ಉತ್ತರ ತಪ್ಪಲ್ಲ.

ನಾನು ರಸ್ತೆ ನೋಡಿಕೊಂಡು ಓಡಿಸಿದೆ. ಹಿಂದೆ ಕೂತ ತಮ್ಮ ದೊಡ್ಡ ಟಕ್‌ಗಳನ್ನು ಮಾತ್ರ ಎಣಿಸಿದ. ಮೊದಲ ಸಲ 18. ಸ್ವಲ್ಪ ನಿಧಾನ ಹೋಗಿ ಎಣಿಸಿದಾಗಲೂ 18. ಮೂರನೇ ಸಲ ಸ್ವಲ್ಪ ಜೋರಾಗಿ ಹೋದಾಗ 17. ಶಬ್ದ ಇರುವುದು ಚೈನ್‌ನಲ್ಲಿ. ಅದೂ 118 ಲಿಂಕ್‌ನಲ್ಲಿ ಒಂದೇ ಒಂದು ಜಾಗದಲ್ಲಿ.

ನಿಜ ಹೇಳಬೇಕೆಂದರೆ, ಆ 18 ಕೇಳಿದಾಗ ಆದ ಖುಷಿ ಆಮೇಲೆ ಹೊಸ ಚೈನ್ ಹಾಕಿ ಮುಗಿಸಿದಾಗಲೂ ಆಗಲಿಲ್ಲ.

ಚೈನ್ ಬಗ್ಗೆ ನನಗೆ ಅನುಮಾನ ಬರದೆ ಇದ್ದದ್ದಕ್ಕೆ ಕಾರಣ ಇತ್ತು. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿದ್ದೆ. ಒಂದು ಚೂರೂ ಶಬ್ದ ಬಂದಿರಲಿಲ್ಲ. ಬಿಗಿ ಹಿಡಿದ ಲಿಂಕ್ ಇದ್ದರೆ ಕೆಳಗಿನ ಸಡಿಲ ಸಾಲಿನಲ್ಲಿ ಅದು ಮಡಿಚಿಕೊಂಡೇ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಅಂಥದ್ದೂ ಕಂಡಿರಲಿಲ್ಲ. ಚೈನ್‌ಗೆ ಎಣ್ಣೆ ಇತ್ತು, ಸಡಿಲವೂ 25-30 ಮಿಲಿಮೀಟರ್ ಸರಿಯಾಗೇ ಇತ್ತು. ಹೊರಗಿನಿಂದ ನೋಡಿದರೆ ತಪ್ಪು ಹುಡುಕಲು ಜಾಗವೇ ಇಲ್ಲ. ಆದರೆ ಆ ಎಣ್ಣೆ, ಧೂಳು ಸೇರಿ ಕಟ್ಟಿದ ಕಪ್ಪು ಜಿಡ್ಡಿನ ಕೆಳಗೆ ಏನಿದೆ ಅಂತ ನೋಡಿರಲಿಲ್ಲ.

ಎಂಜಿನ್ ಆಫ್, ಕೀ ಜೇಬಿನಲ್ಲಿ. ಚೈನ್‌ಗೆ ಕೈ ಹಾಕುವ ಕೆಲಸಕ್ಕೆ ಇದೊಂದು ನಿಯಮ ಎಂದೂ ಮುರಿಯಬೇಡಿ. ಎಂಜಿನ್ ಓಡಿಸಿಕೊಂಡು ಬಟ್ಟೆ ಹಿಡಿದು ಚೈನ್ ಒರೆಸುವುದನ್ನು ನೋಡಿದ್ದೇನೆ. ಬಟ್ಟೆ ಸ್ಪ್ರಾಕೆಟ್‌ಗೆ ಸಿಕ್ಕಿದರೆ ಬೆರಳು ಎಳೆದುಕೊಳ್ಳಲು ಕಣ್ಣು ಮಿಟುಕಿಸುವಷ್ಟೂ ಹೊತ್ತು ಸಿಗಲ್ಲ. ಸೀಮೆಎಣ್ಣೆ, ಗಟ್ಟಿ ಬ್ರಷ್ ತಗೊಂಡು ಚೈನ್ ಪೂರ್ತಿ ಉಜ್ಜಿದೆ. ಮೂರು ಸಲ ಉಜ್ಜಿ ಒರೆಸಿದ ಮೇಲೆ ರೋಲರ್‌ಗಳ ಬೆಳ್ಳಿ ಬಣ್ಣ ಕಂಡಿತು. ಚೈನ್‌ನ ಎರಡು ತುದಿ ಸೇರಿಸುವ ಲಾಕ್ ಇರುವ ಲಿಂಕ್‌ಗೆ ಒಂದು ದಾರ ಕಟ್ಟಿ, ಅಲ್ಲಿಂದ ಒಂದೊಂದೇ ರೋಲರ್ ಪರೀಕ್ಷೆ ಶುರು ಮಾಡಿದೆ.

ಚೈನ್‌ನ ಒಳಗನ್ನು ಒಂದು ಸಲ ಮನಸ್ಸಿಗೆ ತಂದುಕೊಳ್ಳಿ. ನಡುವೆ ಪಿನ್. ಪಿನ್ ಮೇಲೆ ಸಣ್ಣ ಕೊಳವೆಯಂಥ ಬುಷ್. ಬುಷ್ ಮೇಲೆ ಬಳೆಯ ಹಾಗೆ ಸುತ್ತಲೂ ಸುಲಭವಾಗಿ ತಿರುಗುವ ರೋಲರ್. ಸ್ಪ್ರಾಕೆಟ್ ಹಲ್ಲಿನ ನಡುವೆ ಕೂರುವುದು ಈ ರೋಲರ್. ನಾನು ಮಾಡಿದ್ದು ಇಷ್ಟೇ: ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಒಂದೊಂದು ರೋಲರನ್ನೂ ಒಂದು ಪೂರ್ತಿ ಸುತ್ತು ತಿರುಗಿಸುವುದು, ಟಾರ್ಚ್ ಬೆಳಕಿನಲ್ಲಿ ನೋಡುವುದು, ಮುಂದಿನದಕ್ಕೆ ಹೋಗುವುದು. 10, 20, 30. ಎಲ್ಲವೂ ನುಣುಪಾಗಿ ತಿರುಗಿದವು. 60ರ ಹೊತ್ತಿಗೆ ಬೆನ್ನು ನೋಯತೊಡಗಿತು.

73ನೆಯದು ತಿರುಗುತ್ತಾ ತಿರುಗುತ್ತಾ ಸ್ಕ್ರೂಡ್ರೈವರ್ ತುದಿಗೆ ಸಣ್ಣಗೆ ತಡೆಯಿತು. ಟಾರ್ಚ್ ಹತ್ತಿರ ಹಿಡಿದೆ. ರೋಲರ್‌ನ ಈ ಅಂಚಿನಿಂದ ಆ ಅಂಚಿಗೆ ನೇರವಾದ ಒಂದು ಕಪ್ಪು ಗೆರೆ. ಕೂದಲು ಅಂಟಿಕೊಂಡಿದೆ ಅಂತ ಒರೆಸಿದೆ, ಹೋಗಲಿಲ್ಲ. ಉಗುರು ಇಟ್ಟು ಎಳೆದೆ, ಉಗುರು ಸಿಕ್ಕಿಕೊಂಡಿತು. ಸ್ಕ್ರೂಡ್ರೈವರ್ ತುದಿ ತೂರಿಸಿ ಸ್ವಲ್ಪ ತಿರುಚಿದಾಗ ಗೆರೆ ಬಾಯಿ ಬಿಟ್ಟಿತು. ಒಳಗಿನ ಬುಷ್ ಮಿಂಚಿತು. ರೋಲರ್ ಸೀಳಿಹೋಗಿತ್ತು. ಸೀಳಿದ ಅಂಚು ಹೊಸ ಗಾಯದ ಹಾಗೆ ಹೊಳೆಯುತ್ತಿರಲಿಲ್ಲ. ಕಂದು ತಿರುಗಿತ್ತು. ಸುಮಾರು ದಿನದ ಬಿರುಕು.

ಕೈಯಲ್ಲಿ ಚಕ್ರ ತಿರುಗಿಸಿದಾಗ ಶಬ್ದ ಬಾರದೆ ಇದ್ದದ್ದು ಯಾಕೆ ಅಂತ ಈಗ ಅರ್ಥವಾಯಿತು. ಎಳೆತ ಇಲ್ಲದಿದ್ದರೆ ಸೀಳಿದ ರೋಲರ್ ಕೂಡ ಹಲ್ಲಿನ ನಡುವೆ ಸುಮ್ನೆ ಕೂತು ಎದ್ದು ಹೋಗುತ್ತದೆ. ಎಂಜಿನ್ ಎಳೆಯುವಾಗ ಚೈನ್‌ನ ಮೇಲಿನ ಸಾಲು ಬಿಗಿಯುತ್ತದೆ. ಆಗ ಆ ರೋಲರ್ ಪೂರ್ತಿ ಎಳೆತ ಹೊತ್ತುಕೊಂಡೇ ಮುಂದಿನ ಸ್ಪ್ರಾಕೆಟ್‌ಗೆ ಇಳಿಯಬೇಕು. ಭಾರಕ್ಕೆ ಬಾಯಿ ಬಿಟ್ಟು ಜಾರಿ ಕೂರುತ್ತದೆ. ಅದೇ ಟಕ್. ಕ್ಲಚ್ ಹಿಡಿದರೆ ಎಳೆತ ಇಲ್ಲ, ಟಕ್ ಕೂಡ ಇಲ್ಲ. ಕ್ಲಚ್ ಪರೀಕ್ಷೆ ಸುಳ್ಳು ಹೇಳಿರಲಿಲ್ಲ. ಭಾರ ಬಿದ್ದಾಗ ಮಾತ್ರ ಬರುವ ಶಬ್ದ ಅಂತ ಹೇಳಿತ್ತು. ನಾನು ಅದನ್ನು ಎಂಜಿನ್ ಶಬ್ದ ಅಂತ ಓದಿಕೊಂಡೆ.

ಆದರೂ ಇದೇ ಅಂತ ಕಣ್ಣಾರೆ ನೋಡದೆ ಹೊಸ ಸಾಮಾನು ತರಲು ಮನಸ್ಸು ಒಪ್ಪಲಿಲ್ಲ. ಆ ಲಿಂಕ್‌ನ ಪ್ಲೇಟ್‌ಗೆ ಬಿಳಿ ಪೇಂಟ್ ಚುಕ್ಕೆ ಇಟ್ಟೆ. ಸೆಂಟರ್ ಸ್ಟ್ಯಾಂಡ್ ಮೇಲೆಯೇ ಎಂಜಿನ್ ಸ್ಟಾರ್ಟ್ ಮಾಡಿ, ಮೊದಲ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಬಿಟ್ಟೆ. ಬಲಗಡೆ ನಿಂತು ಹಿಂದಿನ ಬ್ರೇಕ್ ಅನ್ನು ಒಂದಿಷ್ಟೇ ಒತ್ತಿದೆ. ಚೈನ್‌ಗೆ ಭಾರ ಬೀಳಲಿ ಅಂತ. ತಮ್ಮ ಎಡಗಡೆ ದೂರದಲ್ಲಿ ಕೈ ಕಟ್ಟಿ ಕೂತು ನೋಡಿದ. ಬ್ರೇಕ್ ಒತ್ತಿದ ತಕ್ಷಣ ಶಬ್ದ ಶುರುವಾಯಿತು. ಮೂರು ಸೆಕೆಂಡಿಗೊಂದು ಸಲ ಬಿಳಿ ಚುಕ್ಕೆ ಮೇಲಿನ ಸಾಲಿನಲ್ಲಿ ಬಂದು ಮುಂದಿನ ಕವರ್ ಒಳಗೆ ಮುಳುಗುತ್ತದೆ, 'ಟಕ್'. ಕೆಳಗಿನಿಂದ ಹಿಂದಕ್ಕೆ ಹೋಗಿ ಹಿಂದಿನ ಸ್ಪ್ರಾಕೆಟ್ ಸುತ್ತಿ ಮೇಲೆ ಬರುವಾಗ ಮೆಲ್ಲಗೆ ಇನ್ನೊಂದು, 'ಟಿಕ್'.

'ನೋಡಿದ್ಯಾ ಅಣ್ಣ, ಹಿಂದೇನೂ ಇದೆ ಅಂದಿದ್ನಲ್ಲ' ಅಂದ ತಮ್ಮ. ಅವನು ಹೇಳಿದ್ದು ನಿಜವೇ ಆಗಿತ್ತು. ಸೀಳಿದ ರೋಲರ್ ಒಂದು ಸುತ್ತಿನಲ್ಲಿ ಎರಡೂ ಸ್ಪ್ರಾಕೆಟ್ ಮೇಲೆ ಕೂರಬೇಕಲ್ಲ! ಮುಂದಿನದಕ್ಕೆ ಬಿಗಿಯಾಗಿ ಇಳಿಯುತ್ತದೆ, ಅದಕ್ಕೆ ಜೋರು. ಹಿಂದಿನದಕ್ಕೆ ಸಡಿಲವಾದ ಕೆಳಸಾಲಿನಿಂದ ಬಂದು ಕೂತು, ಮೇಲೆ ಏರುತ್ತಾ ನಿಧಾನವಾಗಿ ಎಳೆತ ತಗೊಳ್ಳುತ್ತದೆ, ಅದಕ್ಕೆ ಮೆತ್ತಗೆ. ನನ್ನ ಕಾಲು ಮುಂದಿನ ಸ್ಪ್ರಾಕೆಟ್ ಹತ್ತಿರ, ಅವನ ಕಾಲು ಹಿಂದಿನದರ ಹತ್ತಿರ. ಇಬ್ಬರಿಗೂ ಕೇಳಿಸಿದ್ದು ಸರಿಯಾಗೇ ಇತ್ತು.

ಒಂದೇ ಲಿಂಕ್ ಕತ್ತರಿಸಿ ಹೊಸದು ಸೇರಿಸಬಹುದಲ್ವಾ ಅಂತ ಕೇಳಬಹುದು. ಬೇಡ. ಒಂದು ರೋಲರ್ ದಣಿದು ಸೀಳಿದೆ ಅಂದರೆ ಉಳಿದ 117 ಕೂಡ ಅಷ್ಟೇ ಓಡಿವೆ, ಅಷ್ಟೇ ಏಟು ತಿಂದಿವೆ. 20 ಲಿಂಕ್ ಎಳೆದು ಹಿಡಿದು ಅಳತೆ ಮಾಡಿದೆ. ಒಂದು ಲಿಂಕ್ 12.7 ಮಿಲಿಮೀಟರ್, ಹಾಗಾಗಿ ಹೊಸದರಲ್ಲಿ 254 ಇರಬೇಕು. ನನ್ನದು 258 ಬಂತು. ಹಳೆಯ ಲಿಂಕ್‌ಗಳ ನಡುವೆ ಒಂದು ಹೊಸ ಲಿಂಕ್ ಇಟ್ಟರೆ ಅಳತೆ ಹೊಂದುವುದಿಲ್ಲ, ಪ್ರತಿ ಸುತ್ತಿಗೂ ಅಲ್ಲೇ ಇನ್ನೊಂದು ಶಬ್ದ ಹುಟ್ಟುತ್ತದೆ. ಹಾಗಂತ ಹೀಗೇ ಓಡಿಸುವುದು ಇನ್ನೂ ಅಪಾಯ. ರೋಲರ್ ಚೂರು ಕಳಚಿ ಮುಂದಿನ ಸ್ಪ್ರಾಕೆಟ್‌ಗೆ ಸಿಕ್ಕಿದರೆ ಚೈನ್ ಹಲ್ಲಿನ ಮೇಲೆ ಹತ್ತುತ್ತದೆ. ಓಡುತ್ತಿರುವಾಗ ಚೈನ್ ತುಂಡಾದರೆ ಎಂಜಿನ್ ಕೇಸ್ ಒಡೆಯಬಹುದು, ಹಿಂದಿನ ಚಕ್ರವೇ ಲಾಕ್ ಆಗಬಹುದು.

ಚೈನ್ ಜೊತೆ ಎರಡೂ ಸ್ಪ್ರಾಕೆಟ್ ಬದಲಿಸಿದೆ. ಮುಂದಿನ ಸ್ಪ್ರಾಕೆಟ್ ಕವರ್ ಬಿಚ್ಚಿದಾಗ ಒಳಗೆ ಜಿಡ್ಡು, ಮಣ್ಣು ಸೇರಿ ಒಂದು ಹಿಡಿಯಷ್ಟು ಗಟ್ಟಿಯಾಗಿ ಕೂತಿತ್ತು. ಹಲ್ಲುಗಳು ಒಂದು ಕಡೆಗೆ ಬಾಗಿ ಕೊಕ್ಕೆಯಾಗಿದ್ದವು. ಇಲ್ಲಿ ಒಂದು ಕ್ರಮ ನೆನಪಿಡಿ. ಮುಂದಿನ ಸ್ಪ್ರಾಕೆಟ್ ಬೋಲ್ಟ್‌ಗಳನ್ನು ಹಳೆಯ ಚೈನ್ ಇರುವಾಗಲೇ, ಗೇರ್ ಹಾಕಿ, ಯಾರಾದರೂ ಹಿಂದಿನ ಬ್ರೇಕ್ ಒತ್ತಿ ಹಿಡಿದಿರುವಾಗ ಸಡಿಲ ಮಾಡಿಕೊಳ್ಳಬೇಕು. ಚೈನ್ ತೆಗೆದ ಮೇಲೆ ಅದನ್ನು ಹಿಡಿದು ನಿಲ್ಲಿಸಲು ಏನೂ ಇರುವುದಿಲ್ಲ.

ಚಕ್ರ ಹೇಗೂ ಹೊರಗೆ ಬಂದಿತ್ತು. ಹಬ್ ಒಳಗಿನ ರಬ್ಬರ್‌ಗಳನ್ನು ನೋಡಿದೆ, ಇನ್ನೂ ಗಟ್ಟಿಯಾಗಿದ್ದವು. ಬೇರಿಂಗ್‌ಗಳಿಗೆ ಬೆರಳು ತೂರಿಸಿ ತಿರುಗಿಸಿದೆ, ಗೊರಗೊರ ಇಲ್ಲ. ಹೊಸ ಚೈನ್ ಹಾಕಿ ಲಾಕ್ ಕೂರಿಸುವಾಗ ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ತೆರೆದ ಬಾಯಿ ಮುಂದಿದ್ದರೆ ಏನಾದರೂ ತಾಗಿ ಕ್ಲಿಪ್ ಕಳಚಿಕೊಳ್ಳಬಹುದು.

ಬಿಗಿ ಮಾಡುವಾಗ ಈ ಸಲ ನಿಧಾನ ಮಾಡಿದೆ. ಸೆಂಟರ್ ಸ್ಟ್ಯಾಂಡ್ ಮೇಲೆ ಚಕ್ರ ನೇತಾಡುವಾಗ ಸರಿ ಅನಿಸುವ ಚೈನ್, ಜನ ಕೂತು ಸಸ್ಪೆನ್ಷನ್ ಒತ್ತಿದಾಗ ಇನ್ನೂ ಬಿಗಿಯುತ್ತದೆ. ಮುಂದಿನ ಸ್ಪ್ರಾಕೆಟ್, ಹಿಂದಿನ ಚಕ್ರವನ್ನು ಹಿಡಿದ ಸ್ವಿಂಗ್ ಆರ್ಮ್ ತಿರುಗುವ ಜಾಗ, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಅದು ಅತಿ ಬಿಗಿ. ಅದಕ್ಕೆ ಚಕ್ರ ತಿರುಗಿಸುತ್ತಾ ಚೈನ್ ಅತಿ ಬಿಗಿ ಇರುವ ಜಾಗ ಹುಡುಕಿ, ಅಲ್ಲಿ ಕೆಳಸಾಲಿನ ನಡುವೆ ಅಳೆದು 30 ಮಿಲಿಮೀಟರ್ ಬಿಟ್ಟೆ. ಎರಡೂ ಕಡೆಯ ಅಡ್ಜಸ್ಟರ್ ಗೆರೆ ಸಮ ಮಾಡಿ, ಆಕ್ಸಲ್ ನಟ್ ಬಿಗಿದು, ಹೊಸ ಸ್ಪ್ಲಿಟ್ ಪಿನ್ ಹಾಕಿದೆ. ಬ್ರೇಕ್ ರಾಡ್ ಸೇರಿಸಿ, ಪೆಡಲ್ ಒತ್ತಿ ಚಕ್ರ ನಿಲ್ಲುತ್ತದಾ ಅಂತ ನೋಡಿದ ಮೇಲೇ ಗಾಡಿ ಸ್ಟ್ಯಾಂಡ್‌ನಿಂದ ಇಳಿಸಿದೆ.

ರಸ್ತೆ ಮೇಲಿನ ಸುಣ್ಣದ ಗೆರೆಗಳು ಇನ್ನೂ ಅಳಿಸಿರಲಿಲ್ಲ. ತಮ್ಮನನ್ನು ಕೂರಿಸಿಕೊಂಡು ಎರಡನೇ ಗೇರ್‌ನಲ್ಲಿ ಈ ಗೆರೆಯಿಂದ ಆ ಗೆರೆಗೆ ಹೋದೆ. ಅವನು ಏನೂ ಎಣಿಸಲಿಲ್ಲ. ತಿರುಗಿ ಬಂದೆವು. ಆಗಲೂ ಎಣಿಸಲು ಏನೂ ಸಿಗಲಿಲ್ಲ.

ಇದಾಗಿ 300 ಕಿಲೋಮೀಟರ್ ಓಡಿದೆ. ಹೊಸ ಚೈನ್ ಸ್ವಲ್ಪ ಸಡಿಲವಾಗುವುದು ಸಹಜ. ನಿನ್ನೆ ಅಳೆದರೆ 35 ಬಂತು. ಮತ್ತೆ 30ಕ್ಕೆ ತಂದು ನಟ್ ಬಿಗಿದಿದ್ದೇನೆ.